ಅರವತ್ತೊಂದು ಅಡಿ ತಂತಿ

ಕ್ರಮ ಮುಖ್ಯವಾದ್ದರಿಂದ ಅದನ್ನು ಮೊದಲು ಬರೆಯುತ್ತೇನೆ. ೧೯೬೩ನೇ ಇಸವಿ ಆಗಸ್ಟ್ ೯, ಶುಕ್ರವಾರ. ಮಧ್ಯಾಹ್ನ ಹನ್ನೆರಡಕ್ಕೆ ಯಲ್ಲಪ್ಪನ ಸಂದೇಶ ಬಂತು. ಎರಡು ಗಂಟೆಗೆ ಆಫೀಸಿನ ಅಂಗಳದಲ್ಲಿ ಜಾಗ ಆರಿಸಿ ಗೂಟ ನೆಟ್ಟೆ. ಮೂರೂವರೆಗೆ ಚೌಕಟ್ಟು ಸಿದ್ಧವಾಯಿತು. ನಾಲ್ಕೂಕಾಲಿಗೆ ದುರ್ಗವ್ವನಿಗಾಗಿ ತಂತಿ ಕಟ್ಟಿದೆ. ಐದಕ್ಕೆ ಮೊದಲ ಅಳತೆ ತೆಗೆದುಕೊಂಡೆ. ಈ ಐದರಲ್ಲಿ ನಾಲ್ಕನೆಯದನ್ನು ಮಾತ್ರ ನಾನು ಆ ದಿನ ನೋಟುಪುಸ್ತಕದಲ್ಲಿ ಬರೆಯಲಿಲ್ಲ. ಅದು ಕೆಲಸದ ಭಾಗವೆಂದು ನನಗೆ ಅನ್ನಿಸಿರಲಿಲ್ಲ.

ನಮ್ಮದು ನದಿ ಸರ್ವೆಯ ಕ್ಯಾಂಪ್ ಆಫೀಸು. ದಾಂಡೇಲಿಯಲ್ಲಿ, ಕಾಗದದ ಕಾರ್ಖಾನೆಯ ಬಿದಿರು ಡಿಪೋದ ಹಿಂದೆ, ಹೆಂಚಿನ ಮೂರು ಕೋಣೆಗಳು. ಅದರಲ್ಲಿ ಒಂದು ವೈರ್‌ಲೆಸ್ ಕೋಣೆ. ಹೆಡ್ ಆಪರೇಟರ್ ಶೇಖಪ್ಪನವರು; ಅವರ ಕೆಳಗೆ ಯಲ್ಲಪ್ಪ, ಹಿಂದೆ ಸೈನ್ಯದಲ್ಲಿ ಸಿಗ್ನಲ್ ಕೆಲಸ ಮಾಡಿದವನು; ಅವನ ಕೆಳಗೆ ನಾನು, ಅಡಿವೆಯ್ಯ, ಹಿಂದಿನ ವರ್ಷ ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದವನು. ಜೋಯ್ಡಾದ ಆಚೆ ಕಾಡಿನಲ್ಲಿ ಮಳೆ ಅಳೆಯುವ ಹೊಸ ಠಾಣೆಗೆ ಜಾಗ ನೋಡಲು ಯಲ್ಲಪ್ಪ ಇಬ್ಬರು ಕೂಲಿಗಳೊಡನೆ, ಒಂದು ಸಣ್ಣ ವೈರ್‌ಲೆಸ್ ಸೆಟ್ಟು ಹೊರಿಸಿಕೊಂಡು ಹೋಗಿ ಐದು ದಿನವಾಗಿತ್ತು. ಎರಡು ದಿನದಿಂದ ಅವನ ಸುದ್ದಿ ಇರಲಿಲ್ಲ.

ಅಂದು ಹನ್ನೆರಡಕ್ಕೆ ಬಂದ ಸಂದೇಶದ ಸಾರ ಇಷ್ಟು: 'ಬಂಡೆಯಿಂದ ಬಿದ್ದೆ. ಬಲಗಾಲು ಮುರಿದು ಎಲುಬು ಹೊರಗೆ ಬಂದಿದೆ. ಸಹಾಯ ತರಲು ನಿನ್ನೆ ಹೋದ ಕೂಲಿಗಳು ಮರಳಿಲ್ಲ. ಮಂಜಿನಲ್ಲಿ ದಾರಿ ತಪ್ಪಿದ್ದೆವು. ಜಾಗ ಯಾವುದೋ ತಿಳಿಯದು. ಕೇಳುವ ಸೆಟ್ಟಿಗೆ ನೀರು ಹೋಗಿದೆ. ನೀವು ಮಾತಾಡಿದರೂ ನನಗೆ ಕೇಳದು. ಏಳು, ಹನ್ನೆರಡು, ಐದು ಗಂಟೆಗೆ ಕಳಿಸುತ್ತೇನೆ.'

ಶೇಖಪ್ಪನವರು ನಕಾಶೆಯನ್ನು ಮೇಜಿನ ಮೇಲೆ ಹರವಿದರು. ಅಂಗೈಯಗಲಿಸಿ ಜೋಯ್ಡಾದ ಪಶ್ಚಿಮದ ಹಸಿರಿನ ಮೇಲಿಟ್ಟರು. ಅಂಗೈ ಸಾಲಲಿಲ್ಲ.

"ಎಲ್ಲೆ ಅಂತ ಹುಡುಕೂಣು ಅಯ್ಯಾರ? ಮುನ್ನೂರು ಚದರ ಮೈಲಿ ಅಡವಿ. ಈ ಮಳ್ಯಾಗ ಇಲ್ಲೆ ಆನಿ ಕಳದ್ರೂ ಸಿಗೂದಿಲ್ಲ."

"ದನಿ ಬರ್ತೈತಲ್ರಿ ಸಾಹೇಬ್ರ. ಯಾವ ಕಡಿಯಿಂದ ಬರ್ತೈತಿ ಅನ್ನೂದು ಗುರುತು ಹಿಡೀಬಹುದು."

"ಮನಶ್ಯಾಗ ಎರಡು ಕಿವಿ ಅದಾವು, ಆ ಕಡಿ ಈ ಕಡಿ ತಿಳೀತೈತಿ. ರೇಡಿಯೋಕ್ಕ ಎಷ್ಟು ಕಿವಿ?"

"ಎರಡು ಮಾಡೂಣ್ರಿ."

ಡಿಪೋದಿಂದ ಬಿದಿರು ತಂದು ಮೂರು ಅಡಿಯ ಚೌಕಟ್ಟು ಕಟ್ಟಿದೆ. ಅದರ ಸುತ್ತ ತಾಮ್ರದ ತಂತಿಯನ್ನು ಎಂಟು ಸುತ್ತು ಸುತ್ತಿ, ತುದಿಗಳೆರಡನ್ನೂ ಕೇಳುವ ಸೆಟ್ಟಿಗೆ ಕೂಡಿಸಿದೆ. ಚೌಕಟ್ಟು ಗೂಟದ ಮೇಲೆ ಬಾಗಿಲಿನಂತೆ ತಿರುಗುತ್ತಿತ್ತು. ಕೆಳಗೆ ಹಲಗೆಯ ಮೇಲೆ ಡಿಗ್ರಿ ಬರೆದ ವೃತ್ತವಿತ್ತು.

ಈ ಚೌಕಟ್ಟಿನ ತತ್ತ್ವ ಸರಳ. ಅದರ ನೆಟ್ಟಗಿನ ಎರಡು ಬದಿಗಳೇ ಎರಡು ಕಿವಿಗಳು. ರೇಡಿಯೋ ಅಲೆ ಅಂಚಿನ ಕಡೆಯಿಂದ ಬಂದರೆ ಒಂದು ಬದಿಯನ್ನು ಮೊದಲು, ಇನ್ನೊಂದನ್ನು ಲೆಕ್ಕಕ್ಕೆ ಮಾತ್ರ ಸಿಗುವಷ್ಟು ತಡವಾಗಿ ಮುಟ್ಟುತ್ತದೆ. ಎರಡು ಬದಿಗಳಲ್ಲಿ ಹುಟ್ಟುವ ವಿದ್ಯುತ್ತು ಒಂದಕ್ಕೊಂದು ಎದುರು. ತಡವಾದಷ್ಟು ವ್ಯತ್ಯಾಸ ಉಳಿಯುತ್ತದೆ, ಆ ವ್ಯತ್ಯಾಸವೇ ನಮಗೆ ಕೇಳುವ ದನಿ. ಅಲೆ ಚೌಕಟ್ಟಿನ ಮುಖಕ್ಕೆ ಎದುರಾಗಿ ಬಂದರೆ ಎರಡೂ ಬದಿಗಳನ್ನು ಒಂದೇ ಕ್ಷಣದಲ್ಲಿ ಮುಟ್ಟುತ್ತದೆ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಸಮ ತೂಕ. ಏನೂ ಉಳಿಯುವುದಿಲ್ಲ, ದನಿ ಇಲ್ಲ. ದಿಕ್ಕು ತಿಳಿಯಲು ಬೇಕಾದದ್ದು ಈ ಮೌನವೇ. ದನಿ ಹೆಚ್ಚಾಗಿರುವಾಗ ಚೌಕಟ್ಟನ್ನು ಇಪ್ಪತ್ತು ಡಿಗ್ರಿ ತಿರುಗಿಸಿದರೂ ಕಿವಿಗೆ ಭೇದ ತಿಳಿಯದು. ದನಿ ಸಾಯುವ ಜಾಗ ಮಾತ್ರ ಚಾಕುವಿನ ಬಾಯಿಯಷ್ಟು ತೆಳು.

ಸುತ್ತಲಿನ ಲೋಹ ಅಲೆಯನ್ನು ಕೆಡಿಸುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಗೂಟವನ್ನು ಡಿಪೋದ ತಂತಿ ಬೇಲಿಯಿಂದ ನಲವತ್ತು ಹೆಜ್ಜೆ, ಟೆಲಿಫೋನ್ ಕಂಬದಿಂದ ಐವತ್ತೆರಡು ಹೆಜ್ಜೆ, ಜೀಪಿನ ಶೆಡ್ಡಿನಿಂದ ಅರವತ್ತು ಹೆಜ್ಜೆ ದೂರದಲ್ಲಿ ನೆಟ್ಟೆ. ಹೆಜ್ಜೆಗಳನ್ನು ಎರಡು ಸಲ ಎಣಿಸಿ ಬರೆದಿಟ್ಟೆ.

ದುರ್ಗವ್ವ ಬಂದಿದ್ದು ನಾಲ್ಕಕ್ಕೆ. ಯಲ್ಲಪ್ಪನ ಹೆಂಡತಿ, ಕಾರ್ಖಾನೆಯ ಆಚೆ ಲೈನಿನ ಮನೆಯಲ್ಲಿದ್ದವಳು. ಸುದ್ದಿ ಅವಳಿಗೆ ಯಾರು ಮುಟ್ಟಿಸಿದರೋ ತಿಳಿಯದು. ವರಾಂಡದ ಮೆಟ್ಟಿಲಿನ ಮೇಲೆ ಕುಳಿತಳು. ಶೇಖಪ್ಪನವರು ಕರೆದರೂ ಒಳಗೆ ಬರಲಿಲ್ಲ.

"ಸಾಹೇಬ್ರು ಕುಂತಲ್ಲೆ ನಾ ಹೆಂಗ ಬರ್ಲಿ? ಇಲ್ಲೇ ಕುಂದರ್ತೇನಿ. ನಮ್ಮನಿಯವ್ರ ದನಿ ಒಂದು ನನಗ ಕೇಳಿಸ್ರಿ ಅಯ್ಯಾರ."

"ಅದು ಮಾತಲ್ರಿ ಅಕ್ಕಾರ. ಬರೇ ಪೀಂ ಪೀಂ ಅಂತೈತಿ."

"ಗೊತ್ತೈತಿ. ಮನ್ಯಾಗ ಊಟಕ್ಕ ಕುಂತ್ರ ತಾಟಿನ ಮ್ಯಾಲ ಬೆರಳಿಲೆ ಅದನ್ನೇ ಬಡೀತಾರ. ಹತ್ತು ವರ್ಷ ಕೇಳೇನಿ. ಅವರ ಕೈ ಗುರುತು ನನಗ ಐತಿ, ನಿಮಗಿಂತ ಹೆಚ್ಚಿಗಿ."

ಯಲ್ಲಪ್ಪನ ಸೆಟ್ಟು ಅಲೆಯ ಮೇಲೆ ಸಿಳ್ಳಿನಂಥ ನಾದವೊಂದನ್ನು ಹೇರಿ ಕಳಿಸುತ್ತಿತ್ತು. ಮನೆಯ ರೇಡಿಯೋದಲ್ಲಿಯೂ ಅದು ಕೇಳಬಲ್ಲದು. ಶೇಖಪ್ಪನವರು ತಮ್ಮ ಕ್ವಾರ್ಟರ್ಸಿನಿಂದ ರೇಡಿಯೋ ತರಿಸಿ ವರಾಂಡದಲ್ಲಿ ಇಡಿಸಿದರು. ಅದಕ್ಕೆ ಏರಿಯಲ್ ಕಟ್ಟುವ ಕೆಲಸ ನನ್ನದಾಯಿತು. ಕೈಗೆ ಸಿಕ್ಕ ತುಂಡು ಕಟ್ಟಿ ಮುಗಿಸಬಹುದಿತ್ತು. ಹಾಗೆ ಮಾಡುವುದು ನನ್ನ ಸ್ವಭಾವವಲ್ಲ. ಅವನ ಅಲೆಯ ಉದ್ದ ಎಪ್ಪತ್ತೈದು ಮೀಟರು. ಅದರ ನಾಲ್ಕನೆಯ ಒಂದು ಭಾಗ ಸುಮಾರು ಅರವತ್ತೊಂದು ಅಡಿ. ಬುಡವನ್ನು ನೆಲಕ್ಕೆ ಕೂಡಿಸಿದ ಅಷ್ಟು ಉದ್ದದ ತಂತಿ ಆ ಅಲೆಗೆ ಶ್ರುತಿ ಹಿಡಿದ ತಂಬೂರಿಯ ತಂತಿಯಂತೆ ಮಿಡಿಯುತ್ತದೆ. ಅಳೆದು, ಕತ್ತರಿಸಿ, ವರಾಂಡದ ಬಳಿಯ ಎತ್ತರದ ಬಿದಿರಿನಿಂದ ಅಂಗಳದ ಅಂಚಿನ ಕಂಬಕ್ಕೆ ಬಿಗಿದು, ಒಂದು ತುದಿಯನ್ನು ಪಿನ್ನಿನ ಮೂಲಕ ರೇಡಿಯೋಕ್ಕೆ, ಅಲ್ಲಿಂದ ನೀರಿನ ಪೈಪಿಗೆ ಕೂಡಿಸಿದೆ.

"ಗುಡುಗು ಸಿಡ್ಲು ಬಂತಂದ್ರ ಈ ಪಿನ್ನು ಕಿತ್ತು ಇಡ್ರಿ ಅಕ್ಕಾರ. ಮರೀಬ್ಯಾಡ್ರಿ."

"ಮರೆಯೂದಿಲ್ರಿ."

ಆ ತಂತಿ ಚೌಕಟ್ಟಿನ ಗೂಟದಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ ಹಾದುಹೋಗಿತ್ತು. ಆ ಹೆಜ್ಜೆಗಳನ್ನು ಅಂದು ನಾನು ಎಣಿಸಲಿಲ್ಲ.

ಐದಕ್ಕೆ ಯಲ್ಲಪ್ಪನ ದನಿ ಬಂತು. ಸಂದೇಶಕ್ಕೆ ಮೊದಲು ಮೋರ್ಸ್ ಕಳಿಸುವ ಕೀಲಿಯನ್ನು ಒತ್ತಿ ಹಿಡಿದು ಸೆಟ್ಟನ್ನು ಶ್ರುತಿ ಮಾಡುವುದು ಅವನ ರೂಢಿ. ಅವನ ಏರಿಯಲ್ಲಿನ ಬುಡದಲ್ಲಿ ಟಾರ್ಚಿನ ಪುಟ್ಟ ಬಲ್ಬೊಂದಿತ್ತು. ಅದು ಅತಿ ಪ್ರಕಾಶವಾಗಿ ಉರಿಯುವವರೆಗೆ ಗುಂಡಿ ತಿರುಗಿಸುತ್ತಿದ್ದ. ಹದಿನೈದು, ಇಪ್ಪತ್ತು ಸೆಕೆಂಡು ಎಡೆಬಿಡದ ನಾದ. ನಾವು ಅವನನ್ನು ಹುಡುಕುತ್ತಿದ್ದೇವೆಂದು ಅವನಿಗೆ ತಿಳಿಸುವ ದಾರಿ ಇರಲಿಲ್ಲ. ಆ ರೂಢಿಯೊಂದೇ ನಮಗಿದ್ದ ಆಧಾರ. ವರಾಂಡದ ರೇಡಿಯೋ ಸಿಳ್ಳು ಹಾಕಿತು. ದುರ್ಗವ್ವ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, "ಅವರೇ," ಎಂದಳು. ಸಂದೇಶದ ಪೀಂ ಪೀಂ ಶುರುವಾದ ಮೇಲೆ, "ಎಡಗೈಲೆ ಹೊಡ್ಯಾಕತ್ತಾರ. ಬಲಗೈಗೂ ಏನೋ ಆಗೇತಿ," ಎಂದಳು. ಆ ಮಾತು ನಿಜವೆಂದು ಆಮೇಲೆ ತಿಳಿಯಿತು.

ಮೊದಲಿನ ಆ ನಾದದ ಹೊತ್ತಿನಲ್ಲೇ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಚೌಕಟ್ಟನ್ನು ತಿರುಗಿಸಿದೆ. ದನಿ ಇಳಿಯಿತು, ಕುಗ್ಗಿತು, ನೂಲಿನಷ್ಟಾಯಿತು, ಮತ್ತೆ ಏರಿತು. ನೂಲಿನಷ್ಟಾದ ಜಾಗಕ್ಕೆ ಮರಳಿದೆ. ಇನ್ನೂರ ನಲವತ್ತೊಂಬತ್ತು ಡಿಗ್ರಿ.

"ಎದುರಿಗೆ ಅರವತ್ತೊಂಬತ್ತು ಡಿಗ್ರಿಗೂ ಇಷ್ಟೇ ಮೌನ ಇರ್ತೈತ್ರಿ ಸಾಹೇಬ್ರ," ಎಂದೆ. "ಚೌಕಟ್ಟಿಗೆ ಹಿಂದು ಮುಂದು ಗೊತ್ತಾಗೂದಿಲ್ಲ."

ಶೇಖಪ್ಪನವರು ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟು ನೋಡಿದರು. "ಅಂದ್ರ ಯಲ್ಲಪ್ಪ ಒಂದೋ ಜೋಯ್ಡಾದ ಅಡವ್ಯಾಗ ಬಿದ್ದಾನ, ಇಲ್ಲಾ ಹಳಿಯಾಳ ಕಡೆ ಯಾವುದೋ ಅಂಗಡ್ಯಾಗ ಕುಂತು ಚಾ ಕುಡ್ಯಾಕತ್ತಾನ. ಹಳಿಯಾಳದಾಗ ಇದ್ರ ಮಗನ್ನ ನಾನ ಕಾಲು ಮುರೀತೇನಿ." ಅವರು ನಗಲು ನೋಡಿದರು, ದುರ್ಗವ್ವನನ್ನು ನೋಡಿ ಅಡಿಪಟ್ಟಿಯನ್ನು ಎತ್ತಿಟ್ಟರು.

ಅವಳು ನನ್ನನ್ನು ಕೇಳಿದಳು: "ದನಿ ಸತ್ತಲ್ಲೆ ಅವರು ಇರ್ತಾರಂತೀರೇನ್ರಿ?"

"ಹೌದ್ರಿ. ಹಂಗ ಅದರ ಲೆಕ್ಕ."

"ಹಂಗಾರ ನಿಮ್ಮ ಡಬ್ಬ್ಯಾಗ ಸಾಯ್ಲಿ ಅಯ್ಯಾರ. ನನ್ನ ಡಬ್ಬ್ಯಾಗ ಮಾತ್ರ ಸಾಯೂದು ಬ್ಯಾಡ."

ನನ್ನ ನೋಟುಪುಸ್ತಕದಲ್ಲಿ ಆ ದಿನದ ಕೊನೆಯ ಸಾಲು ಹೀಗಿದೆ: 'ಪೂರ್ತಿ ಮೌನ ಸಿಗಲಿಲ್ಲ. ಕಾರಣ: ಬಿದಿರು ಒದ್ದೆ.' ಕಾರಣವನ್ನು ನಾನು ಪರೀಕ್ಷಿಸಿರಲಿಲ್ಲ. ಬರೆದುಬಿಟ್ಟೆ.

ಒಂದು ಗೆರೆಯಿಂದ ಜಾಗ ಸಿಗದು. ಗೆರೆ ಗೋವೆಯವರೆಗೆ ಹೋಗುತ್ತದೆ. ಅದನ್ನು ಅಡ್ಡಹಾಯುವ ಇನ್ನೊಂದು ಗೆರೆ ಬೇಕು. ಗಣೇಶಗುಡಿ ಹತ್ತಿರವಿತ್ತು, ಆದರೆ ಅದು ನಮ್ಮ ಗೆರೆಗೆ ತೀರ ಸಮೀಪ. ಅಲ್ಲಿಂದ ಎಳೆದ ಗೆರೆ ಮೊದಲನೆಯದರ ಜೊತೆಗೇ ಸಾಗಿ, ಕೂಡುವ ಬಿಂದು ಮೈಲಿಗಟ್ಟಲೆ ಜಾರುತ್ತದೆ. ಎರಡು ಗೆರೆಗಳು ಅಡ್ಡಡ್ಡವಾಗಿ ಕತ್ತರಿಸಬೇಕಾದರೆ ಉತ್ತರಕ್ಕೆ, ಕ್ಯಾಸಲ್‌ರಾಕ್‌ಗೆ ಹೋಗಬೇಕಿತ್ತು. ಶನಿವಾರ ಬೆಳಿಗ್ಗೆ ಏಳಕ್ಕೆ ಮತ್ತೊಮ್ಮೆ ಅಳೆದೆ: ಇನ್ನೂರ ನಲವತ್ತೊಂಬತ್ತು. ಚೌಕಟ್ಟು ಬಿಚ್ಚಿ, ಕೇಳುವ ಸೆಟ್ಟನ್ನು ಮೇಣಗಪ್ಪಡದಲ್ಲಿ ಸುತ್ತಿ ರೈಲು ಹತ್ತಿದೆ. ಅಳ್ನಾವರ, ಲೋಂಡಾ, ಎರಡು ಕಡೆ ಬದಲಾವಣೆ. ನಾನಿಲ್ಲದಾಗ ಯಲ್ಲಪ್ಪನನ್ನು ಕೇಳಲು ದಾಂಡೇಲಿಯಲ್ಲಿ ಉಳಿದದ್ದು ದುರ್ಗವ್ವನ ಮುಂದಿನ ರೇಡಿಯೋ ಒಂದೇ. ತಂತಿ ಕಟ್ಟಿದ್ದು ಒಳ್ಳೆಯದೇ ಆಯಿತೆಂದು ರೈಲಿನಲ್ಲಿ ಕುಳಿತು ಯೋಚಿಸಿದ್ದು ನೆನಪಿದೆ.

ಭಾನುವಾರ ಬೆಳಿಗ್ಗೆ ಕ್ಯಾಸಲ್‌ರಾಕ್‌ನಲ್ಲಿ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಹಳಿಗಳಿಂದ ಅರ್ಧ ಮೈಲಿ ದೂರದ ಬೋಳು ದಿಬ್ಬಕ್ಕೆ ಸ್ಟೇಷನ್ ಮಾಸ್ತರರು ಗ್ಯಾಂಗ್‌ಮನ್ ಸಾತಪ್ಪನನ್ನು ಜೊತೆಗೆ ಕೊಟ್ಟರು. ಐವತ್ತು ದಾಟಿದ ಮನುಷ್ಯ. ಚೌಕಟ್ಟನ್ನು ಹೆಗಲ ಮೇಲೆ ಹೊತ್ತು ಹತ್ತಿದ.

"ಇದೇನ್ರಿ ಮಾಲಕ, ಮೀನ ಹಿಡ್ಯೂದಾ, ತೊಟ್ಟಿಲಾ?"

"ಮನಶ್ಯಾನ್ನ ಹುಡುಕೂದು."

"ಮನಶ್ಯಾನ್ನ!" ಅವನು ಚೌಕಟ್ಟಿನೊಳಗೆ ಕೈ ತೂರಿಸಿ ಆ ಬದಿಯಿಂದ ಆಡಿಸಿದ. "ತೂತು ದೊಡ್ಡದಾತಲ್ರಿ. ಸೋರಿ ಹೋದಾನು."

ಅವನು ಸೆಟ್ಟಿನ ಮೇಲೆ ಛತ್ರಿ ಹಿಡಿದ. ಛತ್ರಿಯ ಕಡ್ಡಿಗಳು ಕಬ್ಬಿಣದವು. ಮಡಚಿ ಇಪ್ಪತ್ತು ಹೆಜ್ಜೆ ಆಚೆ ಇಟ್ಟು ಬರಲು ಹೇಳಿದೆ. ಸೊಂಟದಲ್ಲಿದ್ದ, ಬೋಲ್ಟು ಬಿಗಿಯುವ ಪಾನಾವನ್ನೂ ಇಡಿಸಿದೆ. ಬಿಡಿಸಿದ ಕಂಬಳಿಯನ್ನು ಎರಡೂ ಕೈಯಲ್ಲಿ ಸೆಟ್ಟಿನ ಮೇಲೆ ಎತ್ತಿ ಹಿಡಿದು, ತಾನು ನೆನೆಯುತ್ತ ನಿಂತ ಅವನು, "ಛತ್ರಿ ಕಡ್ಡಿಗೂ ಅಂಜತೈತೇನ್ರಿ ನಿಮ್ಮ ಮಷೀನು? ಭಾರೀ ನಾಜೂಕ ಐತಿ," ಎಂದ.

"ನಾಜೂಕಲ್ಲ. ನಾವು ಜ್ವಾಕಿ ಇರಬೇಕು."

ಹೌದು, ಹಾಗೆಂದೇ ಹೇಳಿದೆ.

ಏಳಕ್ಕೆ ಯಲ್ಲಪ್ಪನ ನಾದ ಬಂತು. ಮೊದಲಿಗಿಂತ ಸಣ್ಣಗೆ, ಮೊದಲಿಗಿಂತ ಉದ್ದವಾಗಿ. ಬ್ಯಾಟರಿ ಇಳಿದಿತ್ತು. ಬಲ್ಬು ಉರಿಯದಿದ್ದಾಗ ಶ್ರುತಿ ಸಿಕ್ಕಿಲ್ಲವೆಂದು ತಿಳಿದು ಅವನು ಕೀಲಿಯನ್ನು ಇನ್ನೂ ಹೆಚ್ಚು ಹೊತ್ತು ಒತ್ತುತ್ತಿದ್ದ. ಒತ್ತಿದಷ್ಟೂ ಬ್ಯಾಟರಿ ಇಳಿಯುತ್ತಿತ್ತು. ನನಗೆ ಅಳೆಯಲು ಸಿಗುತ್ತಿದ್ದ ಪ್ರತಿ ಸೆಕೆಂಡೂ ಅವನ ಬ್ಯಾಟರಿಯಿಂದ ಕಳೆಯುತ್ತಿತ್ತು. ಚೌಕಟ್ಟು ತಿರುಗಿಸಿದೆ. ನೇರ ದಕ್ಷಿಣ, ನೂರ ಎಂಬತ್ತು ಡಿಗ್ರಿ. ಅಲ್ಲಿ ದನಿ ಕತ್ತರಿಸಿದಂತೆ ಸತ್ತಿತು, ನೂಲೂ ಉಳಿಯಲಿಲ್ಲ. ಹನ್ನೆರಡಕ್ಕೆ ಮತ್ತೆ ಅಷ್ಟೇ. ಬಿದಿರು ಇಲ್ಲಿ ದಾಂಡೇಲಿಗಿಂತ ಹೆಚ್ಚು ಒದ್ದೆಯಾಗಿತ್ತು. ಅದನ್ನು ನಾನು ಕಂಡೆ, ಆದರೆ ಹಿಂದಿನ ಸಾಲಿನೊಡನೆ ಕೂಡಿಸಿ ನೋಡಲಿಲ್ಲ.

ನಕಾಶೆಯ ಮೇಲೆ ಎರಡು ಗೆರೆಗಳು ಒಂದು ಕಣಿವೆಯ ನೆತ್ತಿಯ ಮೇಲೆ ಕತ್ತರಿಸಿದವು. ಪೆನ್ಸಿಲಿನಿಂದ ಸಣ್ಣ ವೃತ್ತ ಬರೆದೆ. ರೈಲ್ವೆ ಟೆಲಿಗ್ರಾಫಿನ ಮೂಲಕ ಜಾಗವನ್ನು ಶೇಖಪ್ಪನವರಿಗೆ ತಿಳಿಸಿದೆ, ಅವರು ಟೆಲಿಫೋನಿನಲ್ಲಿ ಜೋಯ್ಡಾಕ್ಕೆ ತಿಳಿಸಿದರು. ಸೋಮವಾರ ನಸುಕಿಗೆ ಫಾರೆಸ್ಟ್ ಗಾರ್ಡ್ ಮಲಕಪ್ಪ ಎಂಟು ಜನರೊಡನೆ, ಡೋಲಿ ಕಟ್ಟುವ ಬಿದಿರು ಹಿಡಿದು ಕಾಡಿಗೆ ಇಳಿದ.

ನಾನು ಸೋಮವಾರ ಬೆಳಿಗ್ಗೆ ದಾಂಡೇಲಿಗೆ ಮರಳಿದೆ. ಹನ್ನೆರಡಕ್ಕೆ ಅಳೆದೆ: ಇನ್ನೂರ ನಲವತ್ತೊಂಬತ್ತು. ಮನಸ್ಸಿಗೆ ಸಮಾಧಾನವಾಯಿತು. ಅಳತೆಯನ್ನು ಮತ್ತೆ ಮತ್ತೆ ತೆಗೆದುಕೊಂಡು ಅದೇ ಉತ್ತರ ಬಂದರೆ ಉತ್ತರ ಸರಿಯೆಂದು ಕಲಿತವನು ನಾನು. ಒಂದೇ ತಪ್ಪನ್ನೂ ಹಾಗೆ ಮತ್ತೆ ಮತ್ತೆ ಅಳೆಯಬಹುದೆಂದು ಗೊತ್ತಿದ್ದರೂ ನೆನಪಾಗಲಿಲ್ಲ.

ಐದರ ಸಂದೇಶ ಹೀಗಿತ್ತು: 'ಕಾಲು ಕಪ್ಪಾಗಿದೆ. ವಾಸನೆ. ಬಲ್ಬು ಉರಿಯುತ್ತಿಲ್ಲ. ಯಾರಿಗಾದರೂ ಕೇಳುತ್ತಿದೆಯೇ.' ಶೇಖಪ್ಪನವರು ಬರೆದುಕೊಂಡ ಕಾಗದವನ್ನು ಬೋರಲು ಹಾಕಿ ಇಟ್ಟರು.

"ಏನಂದ್ರು ಅವರು?" ದುರ್ಗವ್ವ ಮೆಟ್ಟಿಲಿನಿಂದ ಕೇಳಿದಳು.

"ಅರಾಮ ಅದೇನಿ ಅಂದಾನವ್ವ."

"ಸುಳ್ಳು ಹೇಳಬ್ಯಾಡ್ರಿ ಸಾಹೇಬ್ರ. ಅರಾಮ ಇದ್ದಾಂವ ಇಷ್ಟು ತಡದು ತಡದು ಹೊಡ್ಯಾಂಗಿಲ್ಲ."

ಆರೂವರೆಗೆ ಜೋಯ್ಡಾದಿಂದ ಟೆಲಿಫೋನು. ಮಲಕಪ್ಪ ಹನ್ನೊಂದು ಗಂಟೆಗೇ ನನ್ನ ವೃತ್ತದ ಜಾಗ ಮುಟ್ಟಿದ್ದ. ಸುತ್ತಲೂ ಒಂದು ಮೈಲಿ ಹುಡುಕಿ, ಬಂದೂಕು ಹಾರಿಸಿ, ಕೂಗಿ, ಚೌಕಿಗೆ ಆಳು ಕಳಿಸಿ ಹೇಳಿಸಿದ್ದ. ಶೇಖಪ್ಪನವರು ಅವನ ಮಾತನ್ನು ಅವನದೇ ಧಾಟಿಯಲ್ಲಿ ನನಗೆ ಒಪ್ಪಿಸಿದರು: "ಇಲ್ಲೆ ಯಾರೂ ಇಲ್ಲ. ರಕ್ತ ಹೀರೂ ಇಂಬಳ ಅದಾವು. ಲೆಕ್ಕ ಮಾಡಿದಾತಗ ಬಂದು ನೋಡಂತ ಹೇಳ್ರಿ."

ನಾನು ಗೆರೆಗಳನ್ನು ಮತ್ತೆ ಎಳೆದೆ. ದಿಕ್ಸೂಚಿಯ ಉತ್ತರಕ್ಕೆ ಮಾಡಬೇಕಾದ ತಿದ್ದುಪಡಿ ನೋಡಿದೆ, ನಕಾಶೆಯ ಅಳತೆ ನೋಡಿದೆ, ವೃತ್ತದ ಮೇಲಿನ ಡಿಗ್ರಿ ಗೀಟುಗಳನ್ನು ಒಂದೊಂದಾಗಿ ಎಣಿಸಿದೆ. ಎಲ್ಲವೂ ಸರಿ ಇತ್ತು. ಎಲ್ಲವೂ ಸರಿ ಇದ್ದು ಮನುಷ್ಯ ಅಲ್ಲಿ ಇರಲಿಲ್ಲ. ಕ್ಯಾಸಲ್‌ರಾಕ್ ತಪ್ಪೋ, ದಾಂಡೇಲಿ ತಪ್ಪೋ ತಿಳಿಯದು. ತಿಳಿಯಲು ಅವನು ಇನ್ನೊಮ್ಮೆ ಕೀಲಿ ಒತ್ತಬೇಕು. ಅವನ ಬ್ಯಾಟರಿಯಲ್ಲಿ ಇನ್ನೆಷ್ಟು ಸಲ ಉಳಿದಿದೆಯೆಂದು ಲೆಕ್ಕ ಹಾಕಿದೆ. ಎರಡು. ಹೆಚ್ಚೆಂದರೆ ಮೂರು.

ಮಂಗಳವಾರ, ಆಗಸ್ಟ್ ೧೩. ಬೆಳಿಗ್ಗೆ ಆರೂಮುಕ್ಕಾಲಿಗೆ ಕಾರ್ಖಾನೆಯ ಚಿಮಣಿಯ ಹಿಂದೆ ಗುಡುಗಿತು. ನಾನು ಚೌಕಟ್ಟಿನ ಮುಂದೆ ನಿಂತಿದ್ದೆ. ಹೆಡ್‌ಫೋನಿನಲ್ಲಿ ಸಿಡಿಲಿನ ಚಟಚಟ ತುಂಬಿತ್ತು. ಏಳಾಯಿತು. ಏಳು ದಾಟಿ ಒಂದು ನಿಮಿಷ. ಎರಡು ನಿಮಿಷ. ಆಮೇಲೆ, ಆ ಚಟಚಟದ ಅಡಿಯಲ್ಲಿ, ಸೊಳ್ಳೆಯ ದನಿಯಷ್ಟು ನಾದ.

ಚೌಕಟ್ಟನ್ನು ಅಭ್ಯಾಸದಂತೆ ಇನ್ನೂರ ನಲವತ್ತೊಂಬತ್ತಕ್ಕೆ ತಂದು ನಿಲ್ಲಿಸಿದೆ. ದನಿ ಸಾಯಲಿಲ್ಲ. ತಿರುಗಿಸಿದೆ. ಇನ್ನೂರ ಐವತ್ತೈದು. ಇನ್ನೂರ ಐವತ್ತೆಂಟು. ಇನ್ನೂರ ಅರವತ್ತಕ್ಕೆ ದನಿ ಕತ್ತರಿಸಿದಂತೆ ಸತ್ತಿತು. ಕ್ಯಾಸಲ್‌ರಾಕ್‌ನ ದಿಬ್ಬದಲ್ಲಿ ಸತ್ತ ಹಾಗೆಯೇ. ನೂಲೂ ಇಲ್ಲ.

ವರಾಂಡದ ಕಡೆ ನೋಡಿದೆ. ರೇಡಿಯೋ ಮೌನವಾಗಿತ್ತು. ದುರ್ಗವ್ವ ಪಿನ್ನನ್ನು ಕಿತ್ತು ಕೈಯಲ್ಲಿ ಹಿಡಿದು, ಕೇಳಲಾಗದೆ, ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದ್ದನ್ನು ಅವಳು ಮರೆತಿರಲಿಲ್ಲ.

"ಪಿನ್ನು ಹಾಕ್ರಿ!" ಎಂದು ಕೂಗಿದೆ.

"ಸಿಡ್ಲು ಐತಲ್ರಿ..."

"ಹಾಕ್ರಿ ಅಕ್ಕಾರ!"

ಹಾಕಿದಳು. ಸತ್ತಿದ್ದ ದನಿ ನನ್ನ ಕಿವಿಯಲ್ಲಿ ಎದ್ದಿತು. ಇನ್ನೂರ ನಲವತ್ತೊಂಬತ್ತಕ್ಕೆ ತಿರುಗಿಸಿದೆ, ನೂಲಿನಷ್ಟಾಯಿತು.

"ಕೀಳ್ರಿ!"

ನೂಲು ಹಗ್ಗವಾಯಿತು. ಇನ್ನೂರ ಅರವತ್ತು: ಮೌನ.

"ಹಾಕ್ರಿ!"

ಎರಡನೆಯ ಸಲ ಹಾಕುವಾಗ ಪಿನ್ನು ಜಾರಿತು. ನೆಲದಿಂದ ಹೆಕ್ಕಿ ಮತ್ತೆ ಸಿಕ್ಕಿಸಿದಳು. ಅಷ್ಟರಲ್ಲಿ ಯಲ್ಲಪ್ಪನ ನಾದ ತಾನಾಗಿಯೇ ನಿಂತಿತ್ತು. ಐವತ್ತು ಸೆಕೆಂಡು ಒತ್ತಿದ್ದ. ಸಂದೇಶ ಬರಲಿಲ್ಲ. ಅವನಿಂದ ಬಂದದ್ದು ಅದೇ ಕೊನೆ.

ಕಾರಣ ಈಗ ಸ್ಪಷ್ಟವಾಗಿತ್ತು. ನಾನು ಅಳೆದು ಕತ್ತರಿಸಿದ ತಂತಿ ಆ ಅಲೆಗೆ ಎಷ್ಟು ಚೆನ್ನಾಗಿ ಮಿಡಿಯುತ್ತಿತ್ತೆಂದರೆ, ತಾನು ಹಿಡಿದ ಅಲೆಯನ್ನು ತಾನೇ ಮತ್ತೆ ಸುತ್ತ ಚೆಲ್ಲುತ್ತಿತ್ತು. ಚೌಕಟ್ಟಿಗೆ ಕೇಳುತ್ತಿದ್ದುದು ಇಬ್ಬರ ದನಿ: ಇಪ್ಪತ್ತು ಮೈಲಿ ದೂರದ ಯಲ್ಲಪ್ಪನದು, ಹದಿನಾಲ್ಕು ಹೆಜ್ಜೆ ದೂರದ ತಂತಿಯದು. ಎರಡೂ ಸೇರಿ ಮೌನವನ್ನು ಪಕ್ಕಕ್ಕೆ ತಳ್ಳಿದ್ದವು. ಪಿನ್ನು ಕಿತ್ತರೆ ಬುಡ ನೆಲದಿಂದ ಬಿಡುತ್ತದೆ, ಶ್ರುತಿ ತಪ್ಪುತ್ತದೆ, ತಂತಿ ಮೂಕವಾಗುತ್ತದೆ. ಕೈಗೆ ಸಿಕ್ಕ ತುಂಡನ್ನು ಕಟ್ಟಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಇಪ್ಪತ್ತು ಮೈಲಿಗೆ ಹನ್ನೊಂದು ಡಿಗ್ರಿ ಎಂದರೆ ಹೆಚ್ಚುಕಡಿಮೆ ನಾಲ್ಕು ಮೈಲಿ. ಹೊಸ ಗೆರೆ ಕ್ಯಾಸಲ್‌ರಾಕ್‌ನ ಗೆರೆಯನ್ನು ಹಳೆಯ ವೃತ್ತಕ್ಕಿಂತ ನಾಲ್ಕು ಮೈಲಿ ಉತ್ತರಕ್ಕೆ ಕತ್ತರಿಸಿತು. ನಡುವೆ ಎರಡು ಹಳ್ಳಗಳಿದ್ದವು. ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಶೇಖಪ್ಪನವರು ಜೋಯ್ಡಾಕ್ಕೆ ಟೆಲಿಫೋನು ಮಾಡಿದರು. ಅವರು ಕೂಗಿ ಕೂಗಿ ಜಾಗ ಹೇಳುತ್ತಿರುವಾಗ ನಾನು ಅಂಗಳಕ್ಕೆ ಬಂದು ತಂತಿಯನ್ನು ಬಿಚ್ಚತೊಡಗಿದೆ.

ದುರ್ಗವ್ವ ಹತ್ತಿರ ಬಂದು ನಿಂತಳು. ಅವಳಿಗೆ ಓದು ಬಾರದು. ಆದರೆ ಪಿನ್ನನ್ನು ಎರಡೆರಡು ಸಲ ಹಾಕಿ ತೆಗೆದವಳು ಅವಳೇ.

"ನಾ ಕೇಳ್ತೇನಿ ಅಂದದ್ದಕ್ಕ ಅವರು ಆ ಕಡೆ ಹೋಗಿ ಹುಡುಕಿದ್ರೇನ್ರಿ?"

"ಇಲ್ರಿ ಅಕ್ಕಾರ. ತಂತಿ ಅಳತಿ ಮಾಡಿ ಕಟ್ಟಿದಾಂವ ನಾನು."

"ಕಟ್ಟು ಅಂದಾಕಿ ನಾನು."

ಅವಳು ತಂತಿಯ ಇನ್ನೊಂದು ತುದಿಯನ್ನು ಹಿಡಿದು, ನಾನು ಸುತ್ತಿಕೊಳ್ಳುವಂತೆ ಒಂದೊಂದೇ ಹೆಜ್ಜೆ ನನ್ನ ಕಡೆಗೆ ಬಂದಳು.

ಹನ್ನೆರಡಕ್ಕೆ ನಾದವಿಲ್ಲ. ಐದಕ್ಕೆ ಇಲ್ಲ. ದುರ್ಗವ್ವ ಮನೆಗೆ ಹೋಗಲಿಲ್ಲ. ಶೇಖಪ್ಪನವರ ಮನೆಯಿಂದ ಬಂದ ರೊಟ್ಟಿ ವರಾಂಡದಲ್ಲಿ ಹಾಗೆಯೇ ಇತ್ತು. ನಾನು ಹೆಡ್‌ಫೋನ್ ತೆಗೆಯಲಿಲ್ಲ. ತೆಗೆದರೆ ಅವಳು ನನ್ನ ಮುಖ ನೋಡುತ್ತಾಳೆ. ಹಾಕಿಕೊಂಡಿದ್ದರೆ ಏನೋ ಕೇಳುತ್ತಿರಬಹುದೆಂದು ತಿಳಿಯುತ್ತಾಳೆ. ಅದು ಮೋಸವೆಂದು ಗೊತ್ತಿದ್ದೂ ಹಾಕಿಕೊಂಡೇ ಕುಳಿತೆ.

ಮಲಕಪ್ಪನಿಗೆ ಹೊಸ ಜಾಗದ ಸುದ್ದಿ ಮುಟ್ಟಿದ್ದು ಅಂದು ಮಧ್ಯಾಹ್ನ. ಹಳ್ಳಗಳೆರಡನ್ನೂ ದಾಟಿ ಅವನು ಯಲ್ಲಪ್ಪನನ್ನು ಕಂಡದ್ದು ಬುಧವಾರ ಬೆಳಿಗ್ಗೆ ಹತ್ತಕ್ಕೆ, ನನ್ನ ಎರಡನೆಯ ವೃತ್ತದಿಂದ ಕಾಲು ಮೈಲಿ ಆಚೆ, ಒಂದು ಬಂಡೆಯ ಸೂರಿನ ಕೆಳಗೆ. ಜೀವವಿತ್ತು. ಎಡಗೈ ಬೆರಳು ಕೀಲಿಯ ಮೇಲಿತ್ತು, ಬಲಗೈ ಬಾತಿತ್ತು. ಕೂಲಿಗಳಿಬ್ಬರೂ ತುಂಬಿದ ಹಳ್ಳದಾಚೆಯ ಕಾಡಿನ ಕುಣಬಿ ಜನರ ಕೇರಿಯಲ್ಲಿ ಸಿಕ್ಕಿಕೊಂಡಿದ್ದರೆಂದು ಆಮೇಲೆ ತಿಳಿಯಿತು.

ಧಾರವಾಡದಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಮೇಲೆ ತೆಗೆದರು. ನಾನು ಡಾಕ್ಟರರನ್ನು ನೇರವಾಗಿ ಕೇಳಿದೆ: ಸೋಮವಾರ ಸಂಜೆಯೇ ಹೊತ್ತು ತಂದಿದ್ದರೆ? ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಪಾದ ಹೋಗತಿತ್ತು. ಮೊಣಕಾಲು ಉಳೀತಿತ್ತು," ಎಂದರು.

ಯಲ್ಲಪ್ಪನಿಗೂ ಅದನ್ನೇ ಹೇಳಿದೆ. ತಂತಿಯ ಸಂಗತಿಯನ್ನೂ, ಹನ್ನೊಂದು ಡಿಗ್ರಿಯನ್ನೂ, ನಾಲ್ಕು ಮೈಲಿಯನ್ನೂ ಕ್ರಮವಾಗಿ ಹೇಳಿದೆ. ದುರ್ಗವ್ವ ಮಂಚದ ಆ ಬದಿಗೆ ಕುಳಿತು ಮೋಸಂಬಿ ಸುಲಿಯುತ್ತಿದ್ದಳು, ಸುಲಿಯುವುದನ್ನು ನಿಲ್ಲಿಸಿದಳು.

ಯಲ್ಲಪ್ಪ ಹೊದಿಕೆಯ ತಗ್ಗಾದ ಜಾಗವನ್ನು ನೋಡಿದ.

"ಈಕಿಗೆ ಕೇಳ್ತಿತ್ತೇನು?"

"ಎಲ್ಲಾನೂ ಕೇಳಿದ್ರು. ಎಡಗೈ ಅಂತ ಗುರುತು ಹಿಡದ್ರು."

"ನಾ ಅಲ್ಲೆ ಯಾರೂ ಕೇಳೂದಿಲ್ಲಂತ ತಿಳದು ಒಮ್ಮೊಮ್ಮೆ ಬೈದು ಕಳಿಸೇನಿ." ಹೆಂಡತಿಯ ಕಡೆ ನೋಡಿದ. "ಅದು ತಿಳದಿಲ್ಲಲ್ಲ?"

"ಬೈದದ್ದು ತಿಳೀತು," ಎಂದಳು ದುರ್ಗವ್ವ. "ತಾಟಿನ ಮ್ಯಾಲೂ ಹಂಗ ಬಡೀತೀರಿ."

ಅವನು ನಗಲಿಲ್ಲ. ಕಣ್ಣು ಮುಚ್ಚಿಕೊಂಡು, "ಬರಕೊಂಡು ಇಡ್ರಿ ಅಯ್ಯಾರ," ಎಂದ. "ಖರೇ ಐತೋ ಇಲ್ಲೋ ಮತ್ತೊಮ್ಮೆ ನೋಡಿ ಬರೀರಿ. ಗಡಿಬಿಡ್ಯಾಗ ಅಳದದ್ದು ಬರೀಬ್ಯಾಡ್ರಿ."

ಆಗಸ್ಟ್ ೨೯, ಗುರುವಾರ, ಆಕಾಶ ಬಿಳುಪಾಗಿದ್ದ ಬೆಳಿಗ್ಗೆ, ಶೇಖಪ್ಪನವರು ಬೇರೆ ಸೆಟ್ಟು ಒಯ್ದು ಅದೇ ಬಂಡೆಯ ಸೂರಿನಿಂದ ಕಾಲು ಗಂಟೆ ನಾದ ಕಳಿಸಿದರು. ನಾನು ಅದೇ ಚೌಕಟ್ಟನ್ನು ಅದೇ ಗೂಟದ ಮೇಲಿಟ್ಟು, ಅದೇ ತಂತಿಯನ್ನು ಅದೇ ಕಂಬಗಳಿಗೆ ಕಟ್ಟಿ, ಹತ್ತು ಸಲ ಅಳೆದೆ. ತಂತಿ ೬೧ ಅಡಿ. ಗೂಟದಿಂದ ದೂರ ೧೪ ಹೆಜ್ಜೆ. ಪಿನ್ನು ಸಿಕ್ಕಿಸಿದಾಗ ೨೪೯ ಡಿಗ್ರಿ. ಪಿನ್ನು ಕಿತ್ತಾಗ ೨೬೦ ಡಿಗ್ರಿ.